ಕಿಟಕಿ ಕಡೆಯ ಕೆನ್ನೆ

ಇಪ್ಪತ್ತೆರಡು ವರ್ಷದಲ್ಲಿ ನಮ್ಮ ಯಜಮಾನರು ಮುಖಕ್ಕೆ ಪೌಡರು ಹಚ್ಚಿದ್ದನ್ನು ನಾನು ಕಂಡಿದ್ದು ಒಂದೇ ಸಲ, ಮದುವೆಯ ದಿನ. ಅದೂ ನಾದಿನಿ ಗದ್ದ ಹಿಡಿದುಕೊಂಡು ಬಲವಂತವಾಗಿ ಬಳಿದದ್ದು. ಅಂಥವರು ಈ ಬೇಸಿಗೆಯಲ್ಲಿ ಬಚ್ಚಲ ಕನ್ನಡಿಯ ಮುಂದೆ ನಿಂತು ಕ್ರೀಮು ಹಚ್ಚಿಕೊಳ್ಳಲು ಶುರುಮಾಡಿದರು.

ಇವರು ಬಸ್ ಡ್ರೈವರು. ನಾನು ಮನೆಯಲ್ಲೇ ಹೊಲಿಗೆ ಮಷೀನು ಇಟ್ಟುಕೊಂಡವಳು. ಬಟ್ಟೆಯಲ್ಲಿ ಒಂದು ಎಳೆ ಜರುಗಿದರೂ ನನ್ನ ಕಣ್ಣಿಗೆ ಬೀಳುತ್ತದೆ. ಇವರ ಅಂಗಿಯ ಕಾಲರಿನ ಬಲಗಡೆ ಬಿಳಿ ಜಿಡ್ಡು ಕಂಡ ದಿನವೇ ಹುಡುಕಾಡಿ, ಶೇವಿಂಗ್ ಡಬ್ಬದ ಅಡಿಯಿಂದ ಟ್ಯೂಬು ಹೊರಗೆಳೆದೆ. ಸನ್‌ಸ್ಕ್ರೀನು. ಇದೇನು ಅಂತ ಕೇಳಿದರೆ, ಬಿಸಿಲು ಜಾಸ್ತಿ ಅಲ್ವಾ ಅಂದರು. ಬಿಸಿಲೇನು ಈ ವರ್ಷ ಹೊಸದಾಗಿ ಹುಟ್ಟಿತೇ? ಹೊಸದಾಗಿ ಬಂದಿದ್ದು ಒಂದೇ, ಇವರ ಬಸ್ಸಿಗೆ ಹೆಣ್ಣು ಕಂಡಕ್ಟರು.

ಅಲ್ಲಿಂದ ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಒಂದು ಬೆಳಿಗ್ಗೆ ಬಚ್ಚಲ ಬಾಗಿಲ ಸಂದಿಯಲ್ಲಿ ನೋಡಿದರೆ, ಬರೀ ಬಲಗೆನ್ನೆಗೆ ಹಚ್ಚುತ್ತಿದ್ದಾರೆ! ಬಲಗಿವಿ, ಬಲಗೈ, ಮುಗಿಯಿತು. ಎಡಗಡೆ ಒಂದು ಚೂರೂ ಇಲ್ಲ. ಎಡಗಡೆ ಅಂದರೆ ನನ್ನ ಕಡೆ. ಊಟಕ್ಕೆ ನಾನು ಇವರ ಎಡಕ್ಕೆ ಕೂರುತ್ತೇನೆ, ಮಂಚದ ಮೇಲೆ ಮಲಗುವುದೂ ಎಡಕ್ಕೇ. ನಾನು ನೋಡುವ ಕೆನ್ನೆ ಹೇಗಿದ್ದರೂ ನಡೆಯುತ್ತದೆ, ಇನ್ಯಾರೋ ನೋಡುವ ಕೆನ್ನೆ ಮಾತ್ರ ಫಳಫಳ ಹೊಳೆಯಬೇಕು. ನಾದಿನಿಯ ಹತ್ತಿರ ಹೇಳಿಕೊಂಡರೆ, ಐವತ್ತಾದ ಮೇಲೆ ಗಂಡಸರಿಗೆ ಹರೆಯ ಇನ್ನೊಂದು ಸಲ ಬರುತ್ತೆ ಅತ್ತಿಗೆ, ಅಂತ ನಕ್ಕಳು. ತನ್ನ ಅಣ್ಣನ ವಿಷಯ ಅನ್ನುವ ನಾಚಿಕೆಯೂ ಇಲ್ಲ ಅವಳಿಗೆ.

ಮಾರನೆಯ ದಿನ ಹೊಲಿದ ಬಟ್ಟೆಯ ಚೀಲ ಹಿಡಿದು, ತಲೆಗೆ ಸ್ಕಾರ್ಫು ಸುತ್ತಿ, ಇವರ ಬಸ್ಸನ್ನೇ ಹತ್ತಿದೆ. ಹಿಂದಿನ ಸೀಟಿನಲ್ಲಿ ಮುದುಡಿ ಕೂತೆ. ಕಂಡಕ್ಟರು ಟಿಕೆಟ್ ಕೊಡಲು ಬಂದಳು. ಮೂವತ್ತರ ಆಸುಪಾಸು, ಬಿಗಿಯಾಗಿ ಹೆಣೆದ ಜಡೆ. ಜೇಬಿನ ಅಂಚು ಬಿಚ್ಚಿಕೊಂಡಿತ್ತು. ಅದನ್ನು ಕಂಡು ನನಗೆ ಎಷ್ಟು ಖುಷಿಯಾಯಿತೆಂದರೆ, ಹೇಳಿದರೆ ನೀವು ನಗುತ್ತೀರಿ.

ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದರು, ನಾನು ಮಾತ್ರ ಸೀಟಿನ ಮರೆಯಲ್ಲಿ ಬಗ್ಗಿ ಕೂತೆ. ಅಲ್ಲಿ ಬಸ್ಸನ್ನು ಹಿಂದಕ್ಕೆ ತೆಗೆದು ತಿರುಗಿಸಬೇಕು. ಕಂಡಕ್ಟರು ಕೆಳಗಿಳಿದು ಡ್ರೈವರ ಕಿಟಕಿಯ ಕೆಳಗೇ ನಿಂತು, ತಲೆಯೆತ್ತಿ ಇವರನ್ನೇ ನೋಡುತ್ತ ಸೀಟಿ ಊದಿದಳು. ಬಸ್ಸು ತಿರುಗಿ ನಿಂತ ಮೇಲೆ ಅಂದಳು, "ಕ್ರೀಮು ಹಚ್ಚಿ ಎರಡು ಗಂಟೆ ಆಯ್ತು. ಕಿವಿ ಮೇಲೂ ಹಚ್ಚಿ."

ಇವರು ತೆಪ್ಪಗೆ ಜೇಬಿನಿಂದ ಟ್ಯೂಬು ತೆಗೆದರು. ನಾನು ಹೇಳಿದರೆ ಒಂದು ದಿನ ಹೊದಿಕೆ ಮಡಿಸದ ಆಸಾಮಿ! ನನ್ನ ಮೈಯೆಲ್ಲ ಉರಿದುಹೋಯಿತು. ಸೀಟುಗಳನ್ನು ಹಿಡಿದುಕೊಂಡು ಮುಂದಕ್ಕೆ ಬಂದವಳೇ ಕೇಳಿದೆ, "ಎಷ್ಟು ದಿನದಿಂದ ನಡೀತಿದೆ ಇದು?"

ಇವರ ಕೈಲಿದ್ದ ಕ್ರೀಮು ಸ್ಟೇರಿಂಗ್ ಮೇಲೆ ಬಿತ್ತು. ಕಂಡಕ್ಟರು ಕೆಳಗಿನಿಂದ ನನ್ನನ್ನು ನೋಡಿದಳು, ಇವರನ್ನು ನೋಡಿದಳು.

"ಅಕ್ಕಾ, ಮನೇಲಿ ಹೇಳೇ ಇಲ್ವಾ ಇವರು?"

ಇವರು ಮೆಲ್ಲಗೆ ಮುಖ ತಿರುಗಿಸಿ ಬಲಗೆನ್ನೆ ತೋರಿಸಿದರು. ಕಿವಿಯ ಮುಂದೆ ಒರಟಾದ ಕಂದು ಕಲೆ, ಅದರ ಮೇಲೆ ಎರಡು ಹೊಲಿಗೆಯ ಗುರುತು. ಚರ್ಮದ ಡಾಕ್ಟರು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರಂತೆ. ಇಪ್ಪತ್ತೈದು ವರ್ಷ ಕಿಟಕಿಯ ಬಿಸಿಲು ಒಂದೇ ಕಡೆ ಬಿದ್ದು ಆದದ್ದಂತೆ. ಸದ್ಯ ಕೆಟ್ಟದ್ದಲ್ಲ, ಬಿಟ್ಟರೆ ಕೆಟ್ಟದ್ದಾಗಬಹುದು. ದಿನಾ ಕಿಟಕಿಯ ಕೆಳಗೆ ನಿಲ್ಲುವ ಈಕೆ ಕಲೆ ದೊಡ್ಡದಾಗುತ್ತಿದೆ ಎಂದು ಹೇಳಿ, ಹೇಳಿ, ಇವರನ್ನು ಡಾಕ್ಟರ ಹತ್ತಿರ ಅಟ್ಟಿದ್ದಳು. ಶೇವ್ ಮಾಡುವಾಗ ಕೊಯ್ದುಕೊಂಡೆ ಎಂದು ಇವರು ಪಟ್ಟಿ ಅಂಟಿಸಿಕೊಂಡಿದ್ದು ನನಗೆ ನೆನಪಿತ್ತು. ಎಲ್ಲಿ ನೋಡೋಣ ಎಂದು ನಾನು ಕೇಳಿರಲಿಲ್ಲ.

"ನೀನು ಗಾಬರಿ ಬೀಳ್ತೀಯ ಅಂತ ಹೇಳಲಿಲ್ಲ," ಅಂದರು.

ಹೊಟ್ಟೆಕಿಚ್ಚು ಅಲ್ಲಿಗೆ ಆರಬೇಕಿತ್ತು. ಆರಲಿಲ್ಲ, ಇನ್ನೂ ಹೆಚ್ಚಾಯಿತು. ಅವಳು ಇವರನ್ನು ಹಾರಿಸಿಕೊಂಡು ಹೋಗಿದ್ದರೆ ಬೈದು ಹಗುರಾಗುತ್ತಿದ್ದೆ. ಆದರೆ ಅವಳು ನನ್ನ ಗಂಡನನ್ನು ನನಗಿಂತ ಚೆನ್ನಾಗಿ ನೋಡಿದ್ದಳು. ಇದಕ್ಕೆ ಯಾವ ಬೈಗುಳ ಹುಡುಕಲಿ?

ಮುಂದಿನ ವಾರ ಡಾಕ್ಟರ ಹತ್ತಿರ ನಾನೂ ಹಟಹಿಡಿದು ಹೋದೆ. ದಪ್ಪ ಕನ್ನಡಕದ ಹೆಂಗಸು ಆಕೆ. ಬರೀ ಕಿಟಕಿ ಕಡೆಗೆ ಹಚ್ಚುತ್ತಾರೆ ಎಂದು ನಾನು ಚಾಡಿ ಹೇಳಿದ್ದಕ್ಕೆ ತಲೆ ಚಚ್ಚಿಕೊಂಡರು. ಬಿಸಿಲು ಗಾಜಿನೊಳಗಿಂದಲೂ ಬರುತ್ತದೆ, ರಸ್ತೆಯಿಂದ ಚಿಮ್ಮಿಯೂ ಬರುತ್ತದೆ, ಮುಖ ಕತ್ತಿಗೆಲ್ಲ ಸೇರಿ ಎರಡು ಬೆರಳುದ್ದ ಬೇಕೇ ಬೇಕು, ಹೊರಡುವ ಇಪ್ಪತ್ತು ನಿಮಿಷ ಮೊದಲು, ಮೋಡವಿದ್ದರೂ ಬಿಡಬಾರದು, ಬೆವರಿದರೆ ಮತ್ತೆ ಹಚ್ಚಬೇಕು ಅಂದರು. ತುಂಬು ತೋಳಿನ ಅಂಗಿ ಹಾಕಲಿ ಎಂದಾಗ, ನಾನೇ ಹೊಲಿಯುತ್ತೇನೆ ಎಂದೆ. ಅಷ್ಟಾದರೂ ನನ್ನ ಪಾಲಿಗೆ ಸಿಕ್ಕಿತಲ್ಲ ಅನ್ನಿಸಿತು.

ಕಲೆಯನ್ನು ದೀಪ ಹಿಡಿದು ನೋಡುತ್ತ ಡಾಕ್ಟರು ಕೇಳಿದರು, "ಒಳ್ಳೇ ಹೊತ್ತಿಗೆ ಬಂದ್ರಿ. ಮೊದಲು ಗಮನಿಸಿದ್ದು ಯಾರು?"

"ಇವಳೇ," ಅಂದರು ನಮ್ಮ ಯಜಮಾನರು, ನನ್ನ ಕಡೆ ನೋಡದೆ.

ಇಂಥ ಹೆಂಡತಿ ಇರಬೇಕು ನೋಡಿ, ಅಂತ ಡಾಕ್ಟರು ನನ್ನ ಬೆನ್ನು ತಟ್ಟಿದರು. ನಾನು ಹಲ್ಲು ಕಿರಿದೆ. ಚೀಟಿ ತೆಗೆದುಕೊಂಡೆ. ಚಪ್ಪಲಿಯನ್ನೂ ಮೆಟ್ಟಿಕೊಂಡೆ. ಬಾಗಿಲು ದಾಟಲು ಮಾತ್ರ ಆಗಲಿಲ್ಲ, ತಿರುಗಿ ಒಳಗೆ ಬಂದೆ.

"ನಾನಲ್ಲ ಡಾಕ್ಟ್ರೇ," ಎಂದೆ. "ಇವರ ಬಸ್ಸಿನ ಕಂಡಕ್ಟರು. ನಾನು ಯಾವಾಗಲೂ ಇವರ ಎಡಗಡೆ ಕೂರ್ತಿದ್ದೆ."