ತೊಟ್ಟಿ ಕೊಟ್ಟಷ್ಟೇ

“ಎರಡು ಕ್ಯಾನೂ ತೊಟ್ಟಿಗೆ ಸುರಿದ್ಬಿಡಿ ಕರೆಂಟಕ್ಕ. ಹತ್ತೂವರೆಗೆ ಅವರು ಬಂದ್ಬಿಡ್ತಾರೆ,” ಎಂದರು ಮ್ಯಾನೇಜರು, ಬಾಗಿಲಲ್ಲೇ ನಿಂತು.

ಕ್ಯಾನುಗಳಲ್ಲಿದ್ದದ್ದು ಹೊರಗಿನಿಂದ ತರಿಸಿದ ಆಮ್ಲ. ಮುಚ್ಚಳ ಸಡಿಲವಿತ್ತೇನೋ, ಕೋಣೆಯಲ್ಲೆಲ್ಲ ವಿನೆಗರಿನ ಘಾಟು. ಕರೆಂಟಕ್ಕ ತಂತಿಯ ತುದಿ ಹೆರೆಯುವುದನ್ನು ನಿಲ್ಲಿಸಲಿಲ್ಲ.

ಇಪ್ಪತ್ತೆರಡು ವರ್ಷದಿಂದ ಈ ಮದ್ಯಸಾರದ ಕಾರ್ಖಾನೆಯ ವೈರಿಂಗೆಲ್ಲ ಅವಳ ಕೈಯಲ್ಲೇ. ಹೆಸರು ಬಂದದ್ದೂ ಹಾಗೆಯೇ. ಈ ಎದೆಮಟ್ಟದ ತೊಟ್ಟಿ ಮಾತ್ರ ಹೊಸ ಸಂಸಾರ. ಒಳಗೆ ಇಂಗಾಲದ ಕರಿ ಬಟ್ಟೆ, ಅದಕ್ಕೆ ಅಂಟಿಕೊಂಡು ಬದುಕುವ ಸೂಕ್ಷ್ಮಜೀವಿಗಳು. ಹುದುಗುವ ಕೊಳಗಗಳಿಂದ ಸುಮ್ಮನೆ ಗಾಳಿಗೆ ಹೋಗುತ್ತಿದ್ದ ಅನಿಲವನ್ನು ಅವಕ್ಕೆ ಉಣಿಸಿ, ಬಟ್ಟೆಗೆ ಸಣ್ಣಗೆ ಕರೆಂಟು ಕೊಟ್ಟರೆ, ಅವು ಇದೇ ಆಮ್ಲ ಮಾಡಿ ಕೊಡುತ್ತವೆ. ಲ್ಯಾಬಿನ ಡಾಕ್ಟರಮ್ಮ, ಅಂದರೆ ಕಾರ್ಖಾನೆಯವರ ಬಾಯಲ್ಲಿ ‘ಸೂಜಿ ಚುಚ್ಚದ ಡಾಕ್ಟ್ರು’, ಮೊದಲ ದಿನ ಇದನ್ನು ವಿವರಿಸಿದಾಗ ಕರೆಂಟಕ್ಕ ನಕ್ಕುಬಿಟ್ಟಿದ್ದಳು. “ನಮ್ಮನೆಯವ್ರು ಶಾಕ್ ಹೊಡೆದ್ರೂ ಎದ್ದು ಕೆಲಸ ಮಾಡಲ್ಲ ಮೇಡಂ. ಇವು ಮಾಡ್ತಾವಾ?”

ಮಾಡಿದವು. ಎಂಟು ತಿಂಗಳು ಆಮ್ಲದ ಅಳತೆ ಏರುತ್ತಲೇ ಹೋಯಿತು. ಹೋದ ವಾರ ಮ್ಯಾನೇಜರು ಬಾಟಲಿ ತುಂಬುವ ಹೊಸ ಯಂತ್ರಕ್ಕೆಂದು ಈ ಕೋಣೆಯ ಲೈನನ್ನು ಎರಡು ದಿನ ಕಿತ್ತಿಸಿದರು. ಕರೆಂಟಕ್ಕ ಬೇಡವೆಂದು ಗೋಗರೆದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಳತೆ ಅರ್ಧಕ್ಕಿಳಿಯಿತು. ಇಂಥ ತೊಟ್ಟಿಗಳನ್ನು ನೂರಾರು ಕಟ್ಟಬೇಕೋ ಬೇಡವೋ ಎಂದು ನೋಡಲು ದೊಡ್ಡ ಕಂಪನಿಯವರು ಬರುತ್ತಿರುವುದು ಇವತ್ತೇ. ಕ್ಯಾನು ಸುರಿದರೆ ಮೀಟರಿನಲ್ಲಿ ಅಳತೆ ಮತ್ತೆ ಪೂರ್ತಿ ಕಾಣುತ್ತದೆ.

“ನೀವೇನಂತೀರಿ ಮೇಡಂ?” ಎಂದು ಕರೆಂಟಕ್ಕ ಕೇಳಿದಳು.

ಡಾಕ್ಟರಮ್ಮ ಮೀಟರಿನ ಪಕ್ಕ ನಿಂತು ನೆಲ ನೋಡುತ್ತಿದ್ದಳು. “ಅವರು ಇವತ್ತು ಒಪ್ಪದಿದ್ರೆ ಇದು ಗುಜರಿಗೆ ಅಕ್ಕ. ನನ್ನ ನಾಲ್ಕು ವರ್ಷ.”

“ಸುರಿದ್ಮೇಲೆ ಆ ನಾಲ್ಕು ವರ್ಷ ಎಲ್ಲುಳೀತು? ಅಷ್ಟು ಹುಳಿ ಒಂದೇ ಸಲ ಬಿದ್ರೆ ಒಳಗಿರೋವು ಬದುಕ್ತಾವಾ?”

“ಇಲ್ಲ.”

“ತಂತಿ ಜೋಡಿಸೋದು ನಿಮ್ಮ ಕೆಲಸ,” ಮ್ಯಾನೇಜರು ದನಿ ಏರಿಸಿದರು. “ಮಿಕ್ಕಿದ್ದು ನಾನು ನೋಡ್ಕೋತೀನಿ.”

“ಜೋಡಿಸಿದ್ದೀನಲ್ಲ ಸಾರ್. ಸುರಿಯೋದು ನನ್ನ ಕೆಲಸ ಅಲ್ಲ. ನೀವೇ ಸುರೀತೀನಿ ಅಂದ್ರೆ ಬನ್ನಿ, ನಾನಿಲ್ಲೇ ಕೂತಿರ್ತೀನಿ.”

ಹೇಳಿದ್ದಷ್ಟೇ ಅಲ್ಲ, ಸ್ಟೂಲು ಹತ್ತಿ ತೊಟ್ಟಿಯ ಮುಚ್ಚಳದ ಮೇಲೆ ತನ್ನ ಭಾರವನ್ನೆಲ್ಲ ಬಿಟ್ಟು ಕೂತೇಬಿಟ್ಟಳು. ಎಬ್ಬಿಸುವುದು ಸುಲಭದ ಮಾತಲ್ಲ ಎಂದು ಮ್ಯಾನೇಜರಿಗೆ ನೋಡಿದರೇ ಗೊತ್ತಾಗುತ್ತಿತ್ತು. ಅಂಗಳದಲ್ಲಿ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಮ್ಯಾನೇಜರು ಕ್ಯಾನುಗಳನ್ನು ಕಾಲಿನಿಂದಲೇ ಬೀರುವಿನ ಹಿಂದಕ್ಕೆ ತಳ್ಳಿದರು.

ಬಂದವರು ಇಬ್ಬರು. ಅವರಲ್ಲಿ ಹಿರಿಯಾಕೆ ಕನ್ನಡಕ ಏರಿಸಿಕೊಂಡು ಮೀಟರು ಓದಿದರು. “ನೀವು ಕಳಿಸಿದ ವರದಿಯ ಅರ್ಧ ಇದೆಯಲ್ಲ?”

“ಮೀಟರು ಸ್ವಲ್ಪ ಕೈ ಕೊಟ್ಟಿದೆ…” ಮ್ಯಾನೇಜರು ಶುರುಮಾಡಿದರು.

“ಮೀಟರು ಸರಿಯಾಗೇ ಇದೆ ಅಮ್ಮ,” ಮುಚ್ಚಳದಿಂದ ಇಳಿಯುತ್ತ ಕರೆಂಟಕ್ಕ ಹೇಳಿದಳು. “ಹೋದ ವಾರ ಎರಡು ದಿನ ಇವನ್ನ ಉಪವಾಸ ಕೆಡವಿದ್ವಿ, ಕರೆಂಟೇ ಕೊಡ್ಲಿಲ್ಲ. ನಾಲ್ಕು ದಿನದಿಂದ ಮತ್ತೆ ಏರ್ತಾ ಇದೆ. ಸದ್ಯಕ್ಕೆ ಇರೋದು ಇಷ್ಟೇ.”

ಹಿರಿಯಾಕೆ ತಿರುಗಿದರು. “ಎರಡು ದಿನ ಕರೆಂಟಿಲ್ದೆ ಬದುಕಿದ್ವಾ?”

“ಬದುಕಿದ್ವು.” ಡಾಕ್ಟರಮ್ಮ ಮೊದಲ ಬಾರಿ ತಲೆಯೆತ್ತಿದಳು. “ಹೊಸದಾಗಿ ಒಂದು ಹನಿ ಹೆಪ್ಪೂ ಹಾಕಿಲ್ಲ. ಕರೆಂಟು ಬಂದ ದಿನಾನೇ ಕೆಲಸಕ್ಕೆ ಹತ್ತಿದ್ವು.”

ಹಿರಿಯಾಕೆ ತೊಟ್ಟಿಯಿಂದ ಒಂದು ಸಣ್ಣ ಬಾಟಲಿ ತುಂಬಿಸಿಕೊಂಡು, ಚೀಟಿ ಅಂಟಿಸಿ, “ಇದು ಈ ತೊಟ್ಟಿಯದೇ ಅಂತ ಯಾರು ಸಹಿ ಹಾಕ್ತೀರಿ?” ಎಂದರು. ಮ್ಯಾನೇಜರು ಜೇಬಿನಿಂದ ಪೆನ್ನು ತೆಗೆದರು. ಅಷ್ಟರಲ್ಲಿ ಕರೆಂಟಕ್ಕ ಅಂಗೈಯನ್ನು ಅಂಗಿಗೆ ಒರೆಸಿಕೊಂಡು, ಆ ಪೆನ್ನನ್ನೇ ಇಸಿದುಕೊಂಡು, ದೊಡ್ಡದಾಗಿ ಸಹಿ ಹಾಕಿದಳು.

ಕಾರು ಗೇಟು ದಾಟಿದ ಮೇಲೆ ಮ್ಯಾನೇಜರು ಹೇಳಿದ್ದು ಒಂದೇ ಮಾತು. “ನಾಳೆಯಿಂದ ನೀವು ಬಾಯ್ಲರ್ ಕಡೆ.”

“ಆಗ್ಲಿ ಸಾರ್. ಅಲ್ಲೂ ವೈರ್ ಇದೆ.”

ಮರುದಿನ ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಬಾಯ್ಲರಿಗೆ ಹೊರಟವಳು ಆ ಕೋಣೆಯ ಕಿಟಕಿಯ ಬಳಿ ನಿಂತಳು. ಒಳಗೆ ಡಾಕ್ಟರಮ್ಮ ಅಂಗಿಯ ತೋಳು ಮಡಚಿ, ಮೊಣಕಾಲೂರಿ, ಸಡಿಲವಾದ ಸ್ಕ್ರೂ ಒಂದರ ಜತೆ ಗುದ್ದಾಡುತ್ತಿದ್ದಳು.

“ಬಲಕ್ಕೆ ಮೇಡಂ, ಬಲಕ್ಕೆ.”

ಡಾಕ್ಟರಮ್ಮ ತಿರುಗಿ ನೋಡದೆಯೇ ತಲೆಯಾಡಿಸಿ, ಬಲಕ್ಕೆ ತಿರುಗಿಸಿದಳು. ತೊಟ್ಟಿಯ ಗಾಜಿನ ಕಿಂಡಿಯೊಳಗೆ ಸಾಸಿವೆಯಷ್ಟು ಗುಳ್ಳೆಗಳು ಒಂದರ ಹಿಂದೊಂದು ಮೇಲೇಳುತ್ತಿದ್ದವು.