ಡಬ್ಬಿಯ ತಳದಲ್ಲಿ ಕೊರೆಸಿದ್ದು

ಕಾಗದವನ್ನು ನಂಬಿ ಎರಡು ಸಲ ಮೋಸಹೋದವಳು ಕೌಸಲ್ಯಾಬಾಯಿ. ಬ್ಯಾಂಕಿನ ಕಾರ್ಡಿನ ಪಿನ್ನನ್ನು ಮೊದಲ ಸಲ ಚೀಟಿಯಲ್ಲಿ ಬರೆದು ಸೆರಗಿಗೆ ಗಂಟು ಹಾಕಿಕೊಂಡಳು. ಸೀರೆಯ ಜೊತೆ ಅದೂ ಒಗೆದುಹೋಯಿತು. ಎರಡನೆಯ ಸಲ ಕ್ಯಾಲೆಂಡರಿನ ಬೆನ್ನಿಗೆ ಬರೆದಳು. ಹೊಸ ವರ್ಷ ಬಂದದ್ದೇ ತಡ, ಗಂಡ ಪಂಢರಿ ಅದನ್ನು ಹರಿದು ಕಪಾಟಿಗೆ ಹಾಸಿ ಮೇಲೆ ಎಣ್ಣೆಯ ಬಾಟಲಿ ಇಟ್ಟುಬಿಟ್ಟ.

ಮೂರನೆಯ ಸಲ ಆಕೆ ತಲೆ ಓಡಿಸಿದಳು. ನೌಬಾದದ ಅವರ ಓಣಿಯಲ್ಲಿ ಪಾತ್ರೆಗಳು ಮನೆಯಿಂದ ಮನೆಗೆ ತಿರುಗುತ್ತಲೇ ಇರುತ್ತವೆ. ತಳದಲ್ಲಿ ಹೆಸರು ಕೊರೆಸಿದ ಪಾತ್ರೆ ಮಾತ್ರ ಎಲ್ಲಿ ಹೋದರೂ ಮನೆಗೆ ಬರುತ್ತದೆ. ಹಾಗಾದರೆ ಸ್ಟೀಲಿಗಿಂತ ಗಟ್ಟಿಯಾದ ಕಾಗದ ಯಾವುದಿದೆ? ಬೀದರಿನ ಪಾತ್ರೆ ಅಂಗಡಿಯಲ್ಲಿ ಒಂದು ಡಬ್ಬಿ ಕೊಂಡು, ತಳದಲ್ಲಿ ತನ್ನ ಹೆಸರು, ಅದರ ಕೆಳಗೆ ಕಾರ್ಡಿನ ಹದಿನಾರು ಅಂಕಿ, ಹಿಂಬದಿಯ ಮೂರು ಅಂಕಿ, ಕೊನೆಗೆ ಪಿನ್ನಿನ ನಾಲ್ಕು ಅಂಕಿ, ಎಲ್ಲವನ್ನೂ ಕೊರೆಸಿದಳು.

"ಏನ್ರಿ ಬಾಯಿ, ಇಷ್ಟುದ್ದ ಫೋನ್ ನಂಬರು?" ಎಂದು ಕೇಳಿದ ಕೊರೆಯುವವನು.

"ಪರದೇಶದ್ದದ. ನಿನಗ್ಯಾಕ? ಕೊರಿ" ಎಂದಳು.

ಡಬ್ಬಿಯನ್ನು ತಂದು ಅಡುಗೆಮನೆಯ ಅಟ್ಟದ ಮೇಲೆ, ಯಾರ ಕೈಗೂ ಎಟುಕದ ಹಾಗೆ ಇಟ್ಟಳು. ಯಾರ ಕೈ ಎಂದರೆ ತನ್ನ ಕೈ. ಪಂಢರಿ ತನಗಿಂತ ಒಂದು ಗೇಣು ಉದ್ದ ಇದ್ದಾನೆಂಬುದು ಮದುವೆಯಾಗಿ ನಲವತ್ತು ವರ್ಷವಾದರೂ ಆಕೆಗೆ ಆಗ ನೆನಪಾಗಲಿಲ್ಲ.

ಆ ಖಾತೆಯಲ್ಲಿದ್ದದ್ದು ಆಕೆಯ ನಿವೃತ್ತಿಯ ದುಡ್ಡು. ಮೂವತ್ತು ವರ್ಷ ಸರಕಾರಿ ದವಾಖಾನೆಯಲ್ಲಿ ಆಯಾ ಆಗಿ ದುಡಿದವಳು. ಸಿಸ್ಟರುಗಳ ಹಿಂದೆ ಟ್ರೇ ಹಿಡಿದು ಓಡಾಡಿದವಳು. ಅಷ್ಟು ವರ್ಷದಲ್ಲಿ ಆಕೆಯನ್ನು ಹೆಸರು ಹಿಡಿದು ಕರೆದವರು ಕಡಿಮೆ. "ಏ ಆಯಾ" ಎಂದರೆ ಮುಗಿಯಿತು. ಈಗ ಮೊಮ್ಮಗಳು ಆಮ್ರಪಾಲಿಗೆ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಸೋಮವಾರ ಒಂದೇ ದಿನ, ಅದೂ ಆನ್‌ಲೈನಿನಲ್ಲೇ, ಫೀಸು ಕಟ್ಟಬೇಕು. ತಪ್ಪಿದರೆ ಸೀಟು ಇನ್ನೊಬ್ಬರ ಪಾಲು. ಕೌಸಲ್ಯಾಬಾಯಿ ಈ ಸುದ್ದಿಯನ್ನು ಓಣಿಯಲ್ಲಿ ಹೇಳದ ಮನೆ ಉಳಿದಿರಲಿಲ್ಲ.

ಗುರುವಾರ ಬೆಳಿಗ್ಗೆ ಸ್ಟೂಲು ಹತ್ತಿ ನೋಡಿದರೆ ಅಟ್ಟದ ಮೇಲೆ ಡಬ್ಬಿ ಇಲ್ಲ.

"ಅಲ್ಲಿದ್ದ ಡಬ್ಬಿ ಎಲ್ಲದ?"

ಪಂಢರಿ ಪೇಪರಿನಿಂದ ಕಣ್ಣು ಎತ್ತಲಿಲ್ಲ. "ಮುನವ್ವರ ಬೇಗಂ ನಿನ್ನೆ ಊರಿಗೆ ಹೊಂಟಿದ್ದಳು. ಮಕ್ಕಳ ಮನಿಗಿ ಬರಿಗೈಲೆ ಹ್ಯಾಂಗ ಹೋಗಬೇಕು? ಅದರಾಗ ಶೇಂಗಾ ಉಂಡಿ ತುಂಬಿ ಕೊಟ್ಟೀನಿ. ಚಲೋ ಮಾಡೀನೊ ಇಲ್ಲೊ?"

ಕೌಸಲ್ಯಾಬಾಯಿ ಸ್ಟೂಲಿನಿಂದ ದಡಬಡಿಸಿ ಇಳಿದಳು. ಪಕ್ಕದ ಮನೆಯ ಮುನವ್ವರ ಬೇಗಂ ಮೊದಲು ಭಾಲ್ಕಿಯಲ್ಲಿರುವ ಮಗಳ ಮನೆಗೆ, ಅಲ್ಲಿಂದ ಔರಾದದ ಮಗನ ಮನೆಗೆ ಹೋಗುವವಳು. ಎರಡು ಊರು, ಎರಡು ಅಡುಗೆಮನೆ, ಪಾತ್ರೆ ತೊಳೆಯುವ ಎಷ್ಟೋ ಕೈ!

ಬ್ಯಾಂಕಿಗೆ ಹೇಳಿ ಕಾರ್ಡು ಬಂದ್ ಮಾಡಿಸಬಹುದಿತ್ತು. ಆದರೆ ಬಂದ್ ಮಾಡಿಸಿದರೆ ಸೋಮವಾರ ಫೀಸು ಕಟ್ಟುವುದು ಯಾವುದರಿಂದ? ಅದಕ್ಕಿಂತ ದೊಡ್ಡದು ಮಾನದ ಪ್ರಶ್ನೆ. ಮಹಿಳಾ ಸಂಘದಲ್ಲಿ "ಕಾರ್ಡಿನ ನಂಬರು ಯಾರಿಗೂ ಹೇಳಬ್ಯಾಡ್ರೆ" ಎಂದು ಎದ್ದು ನಿಂತು ಭಾಷಣ ಮಾಡುವವಳೇ ಈಕೆ. ಯಾರಿಗೂ ಹೇಳದೆ, ಮೊಮ್ಮಗಳಿಗೂ ಹೇಳದೆ, ಭಾಲ್ಕಿಯ ಬಸ್ಸು ಹತ್ತಿದಳು.

ಭಾಲ್ಕಿಯಲ್ಲಿ ಮುನವ್ವರ ಬೇಗಂಳ ಮಗಳು ಅಕ್ತರಬೀಯ ಮನೆ ತುಂಬ ನೆಂಟರು. ಅಕ್ತರಬೀ ಬಾಗಿಲಿಗೆ ಬಂದಳು.

"ಅಮ್ಮಿ ಮುಂಜಾನಿನೇ ಔರಾದಕ್ಕ ಹೋದಳ್ರಿ ಮೌಶಿ. ಡಬ್ಬಿನೂ ಆಕಿ ಕೈಲೇ ಸಲಾವೋದ್ದೀನ ಭಾಯ್‌ನ ದುಕಾನಕ್ಕ ಕಳಿಸೀನಿ." ಒಳಗಿನ ಮಂದಿಯನ್ನು ಒಮ್ಮೆ ನೋಡಿ, ದನಿ ತಗ್ಗಿಸಿದಳು. "ನೀವು ಅಲ್ಲಿಗೇ ಹೋಗ್ರಿ. ಫಿಕರ್ ಮಾಡಬ್ಯಾಡ್ರಿ."

ಫಿಕರ್ ಮಾಡಬೇಡ ಎಂದವರ ಮಾತಿನಿಂದಲೇ ಫಿಕರ್ ಹೆಚ್ಚಾಗುವುದು. ಔರಾದದ ಬಸ್ಸಿನಲ್ಲಿ ಕೂತ ಕೌಸಲ್ಯಾಬಾಯಿಯ ತಲೆಯಲ್ಲಿ ಒಂದೇ ಸವನೆ ಕೆಟ್ಟ ಯೋಚನೆ. ಉಂಡಿಯ ಡಬ್ಬಿಗೆ ಅಂಗಡಿಯಲ್ಲಿ ಏನು ಕೆಲಸ? ಅಷ್ಟು ಗುಟ್ಟಾಗಿ ಯಾಕೆ ಹೇಳಿದಳು? ಎತ್ತಿ ಆಡಿಸಿದ ಹುಡುಗಿಯ ಮೇಲೆ ಅನುಮಾನಪಡುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು, ಆದರೂ ಅನುಮಾನ ಹೋಗಲಿಲ್ಲ.

ಅಷ್ಟರಲ್ಲಿ ಫೋನು ಬಂತು.

"ಬ್ಯಾಂಕಿನಿಂದ ಮಾತಾಡ್ತಿದೀವಿ ಮೇಡಂ. ನಿಮ್ಮ ಕಾರ್ಡು ಇವತ್ತೇ ಬಂದ್ ಆಗುತ್ತೆ. ಬೇಗ ಕಾರ್ಡ್ ನಂಬರ್ ಹೇಳಿ, ಸರಿ ಮಾಡಿಕೊಡ್ತೀವಿ."

ಕೌಸಲ್ಯಾಬಾಯಿ ಫೋನನ್ನು ಕಿವಿಗೆ ಒತ್ತಿಕೊಂಡಳು. ಸಂಘದ ಭಾಷಣವೆಲ್ಲ ಮರೆತುಹೋಯಿತು. ಕಣ್ಣ ಮುಂದೆ ಸೋಮವಾರ, ಫೀಸು, ಆಮ್ರಪಾಲಿ. ಆ ಗಳಿಗೆಯಲ್ಲಿ ನಂಬರು ಕೈಯಲ್ಲಿದ್ದಿದ್ದರೆ ಒಂದೊಂದೇ ಅಂಕಿ ಓದಿ ಹೇಳಿಬಿಡುತ್ತಿದ್ದಳು, ಇದು ಸತ್ಯ. ಆದರೆ ಕಾರ್ಡು ಮನೆಯ ಟ್ರಂಕಿನಲ್ಲಿತ್ತು.

"ನಂಬರು ಡಬ್ಬಿ ತಳದಾಗ ಅದರಿ ಸಾಹೇಬ್ರ" ಎಂದಳು. "ಡಬ್ಬಿ ಔರಾದಕ್ಕ ಹೋಗ್ಯದರಿ."

"ಯಾವ ಡಬ್ಬಿ?"

"ಶೇಂಗಾ ಉಂಡಿದರಿ."

ಆ ಕಡೆಯವನು ಫೋನು ಇಟ್ಟುಬಿಟ್ಟ.

ಬಸ್ಸು ಎರಡು ತಿರುವು ದಾಟುವ ಹೊತ್ತಿಗೆ ಆಕೆಗೆ ಬುದ್ಧಿ ತಿಳಿಯಾಯಿತು. ಬ್ಯಾಂಕಿನವರಿಗೆ ತಮ್ಮದೇ ಕಾರ್ಡಿನ ನಂಬರು ನನ್ನಿಂದ ಯಾಕೆ ಬೇಕು? ಇವನು ಕಳ್ಳ. ಅವನು ನಂಬರು ಕೇಳಿದನೆಂದರೆ ಅವನ ಹತ್ತಿರ ನಂಬರು ಇಲ್ಲ. ಅಂದರೆ ಅಕ್ತರಬೀಯ ಮನೆಯಿಂದ ಅದು ಅವನ ಕಿವಿಗೆ ಬಿದ್ದಿಲ್ಲ. ಕೌಸಲ್ಯಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. "ತಪ್ಪಾತವ್ವಾ ಅಕ್ತರಬೀ" ಎಂದು ಕಿಟಕಿಯ ಕಡೆ ತಿರುಗಿ ಮೆಲ್ಲಗೆ ಅಂದುಕೊಂಡಳು.

ಔರಾದದಲ್ಲಿ ಮುನವ್ವರ ಬೇಗಂಳ ಮಗ ಸಲಾವೋದ್ದೀನನದು ಪಾತ್ರೆ ಅಂಗಡಿ, ಅಲ್ಲೇ ಹೆಸರು ಕೊರೆಯುವ ಮಶೀನೂ ಇತ್ತು. ಮುನವ್ವರ ಬೇಗಂ ಒಳಗೆ ಚಹಾ ಕುಡಿಯುತ್ತ ಕೂತಿದ್ದಳು.

"ಬರ್ರಿ ಕೌಸಲ್ಯಾಬಾಯಿ, ಕೂಡ್ರಿ. ನನ್ನ ಮಗಳು ಡಬ್ಬಿ ತಳಕ್ಕ ಕಣಕ ಮೆತ್ತಿ, ಮ್ಯಾಲ ಅರಿವಿ ಕಟ್ಟಿ ಕೊಟ್ಟಾಳ. ಭಾಯ್‌ನ ಹೊರ್ತು ಯಾರೂ ಬಿಚ್ಚಬಾರ್ದು ಅಂದಾಳ. ನನಗೂ ತೋರಿಸಿಲ್ಲ ನೋಡ್ರಿ!"

ಸಲಾವೋದ್ದೀನ ಸ್ಟೂಲು ಎಳೆದು ಕೂರಿಸಿದ. "ಹೋದ ವರ್ಷ ಅಕ್ತರ ಯಾರಿಗೋ ಫೋನಿನಾಗ ಕಾರ್ಡಿನ ನಂಬರು ಹೇಳಿ, ಹೊಲಿಗಿ ಮಾಡಿ ಕೂಡಿಟ್ಟ ರೊಕ್ಕ ಎಲ್ಲಾ ಕಳ್ಕೊಂಡಾಳ್ರಿ ಮೌಶಿ. ಡಬ್ಬಿ ತೊಳಿವಾಗ ಹದಿನಾರು ಅಂಕಿ ಕಂಡ ಕೂಡ್ಲೇ ಆಕಿಗಿ ಗೊತ್ತಾಗ್ಯದ. ನೆಂಟರ ಮುಂದ ಹೇಳಿದ್ರ ನಿಮ್ಮ ಮಾನ ಹೋಗ್ತದಂತ ಬಾಯಿ ಬಿಟ್ಟಿಲ್ಲ, ನನಗಷ್ಟೇ ಫೋನ್ ಮಾಡಿ ಹೇಳ್ಯಾಳ. ನಾ ಎಲ್ಲಾ ನಂಬರು ತಿಕ್ಕಿ ತೆಗದೀನಿ."

"ನಿನ್ನ ಹೊಟ್ಟಿ ತಣ್ಣಗಿರಲಿ ಮಗಾ" ಎಂದಳು ಕೌಸಲ್ಯಾಬಾಯಿ. "ಉಳಿಸಿದ್ರಿ ನೀವು. ಇನ್ನ ಫಿಕರ್ ಇಲ್ಲ."

"ಫಿಕರ್ ಅದರಿ" ಎಂದ ಅವನು. "ಆ ನಂಬರು ಅಕ್ತರ ನೋಡ್ಯಾಳ, ನಾ ನೋಡೀನಿ, ಮೊದಲ ಕೊರದಾವ ನೋಡ್ಯಾನ. ಆ ಕಾರ್ಡು ಈಗೇ ಬಂದ್ ಮಾಡಸ್ರಿ. ಇದರಾಗ ನನ್ನ ಮ್ಯಾಲೂ ಭರೋಸಾ ಇಡಬ್ಯಾಡ್ರಿ."

ಕೌಸಲ್ಯಾಬಾಯಿ ಅವನ ಮುಖವನ್ನೇ ನೋಡಿದಳು. ನನ್ನನ್ನು ನಂಬು ಎನ್ನುವವರನ್ನು ಬೇಕಾದಷ್ಟು ನೋಡಿದ್ದಳು. ನಂಬಬೇಡ ಎಂದು ಹೇಳಿ ಕಾಪಾಡುವವನನ್ನು ಇವತ್ತೇ ನೋಡಿದ್ದು.

ಅಲ್ಲಿಂದಲೇ ಆಮ್ರಪಾಲಿಗೆ ಫೋನು ಮಾಡಿದಳು, ಎಲ್ಲವನ್ನೂ ಹೇಳಿದಳು. ಹುಡುಗಿ ಟ್ರಂಕು ತೆಗೆದು ಕಾರ್ಡಿನ ಹಿಂಬದಿ ಅಚ್ಚಾಗಿದ್ದ ಬ್ಯಾಂಕಿನ ನಂಬರನ್ನು ಓದಿ ಹೇಳಿದಳು. ಅದೇ ನಂಬರಿಗೆ ಕರೆ ಮಾಡಿ ಕೌಸಲ್ಯಾಬಾಯಿ ಕಾರ್ಡು ಬಂದ್ ಮಾಡಿಸಿದಳು.

"ಮತ್ತ ಫೀಸು?" ಎಂದು ಮೊಮ್ಮಗಳಿಗೆ ಮತ್ತೆ ಫೋನಿನಲ್ಲಿ ಕೇಳುವಾಗ ದನಿ ಸಣ್ಣದಾಗಿತ್ತು.

"ಕಾರ್ಡು ಬಂದ್ ಆದ್ರ ಖಾತೆ ಬಂದ್ ಆಗಲ್ಲಜ್ಜಿ! ನಾಳೆ ಬ್ಯಾಂಕಿಗಿ ಹೋಗೋಣ, ಖಾತೆದಿಂದೇ ಆನ್‌ಲೈನ್ ಕಟ್ಟೂ ಹಂಗ ಮಾಡಸ್ಕೊಂಡು ಬರೋಣ. ಇಷ್ಟು ನನಗ ಕೇಳಿದ್ರ ಎರಡು ಊರು ತಿರಗೂದು ತಪ್ಪತಿತ್ತು."

ತಿರುಗಿದ್ದೇ ಒಳ್ಳೆಯದಾಯಿತು ಎಂದುಕೊಂಡಳು ಕೌಸಲ್ಯಾಬಾಯಿ. ಹೊರಡುವಾಗ ಸಲಾವೋದ್ದೀನ ಡಬ್ಬಿಯನ್ನು ತಂದು ಕೈಗಿಟ್ಟ. ಖಾಲಿ ಡಬ್ಬಿ ಕೊಡಲಿಕ್ಕೆ ಅವರೇನು ಓಣಿಯ ರೀತಿ ಮರೆತವರೆ? ಒಳಗೆ ಖರ್ಜೂರ ತುಂಬಿತ್ತು.

"ತಳ ನೋಡ್ರಿ ಮೌಶಿ."

ಆಕೆ ಡಬ್ಬಿಯನ್ನು ಎತ್ತಿ ಹಿಡಿದಳು. ಅಂಕಿಗಳಿದ್ದ ಜಾಗ ನುಣ್ಣಗಾಗಿತ್ತು. ಅದರ ಮೇಲೆ ಹೊಸದಾಗಿ, ದುಂಡಗೆ ಕೊರೆದಿತ್ತು: ಆಮ್ರಪಾಲಿ ಸಿಸ್ಟರ್, ನೌಬಾದ.

"ಇನ್ನಾ ಫೀಸೇ ಕಟ್ಟಿಲ್ಲೊ ಮಗಾ" ಎಂದಳು. ಅಕ್ಷರಗಳ ಮೇಲೆ ಬೆರಳು ಆಡಿಸುತ್ತ ಆಡಿಸುತ್ತ ಕಣ್ಣು ತುಂಬಿಬಂದವು.

"ಸೋಮವಾರ ಕಟ್ಟತೀರಲ್ಲ" ಎಂದ ಅವನು.

ಸೋಮವಾರ ಕಟ್ಟಿದರು. ಬ್ಯಾಂಕಿನಲ್ಲಿ ಮಾಡಿಸಿಕೊಂಡು ಬಂದ ಹೊಸ ಗುಟ್ಟಿನ ಅಂಕಿಗಳನ್ನು ಕೌಸಲ್ಯಾಬಾಯಿ ಎಲ್ಲಿಯೂ ಬರೆಯಲಿಲ್ಲ. ಮೊಮ್ಮಗಳನ್ನೂ ಗೋಡೆಯ ಕಡೆ ಮುಖ ಮಾಡಿಸಿ, ತಾನೇ ಒಂದೊಂದಾಗಿ ಒತ್ತಿದಳು. ರಶೀದಿ ಬಂದ ತಿಂಗಳ ಮೇಲೆ ಡಬ್ಬಿಯನ್ನು ತೊಳೆದು, ಶೇಂಗಾ ಉಂಡಿ ತುಂಬಿ, ಮತ್ತೆ ಮಕ್ಕಳ ಊರಿಗೆ ಹೊರಟಿದ್ದ ಮುನವ್ವರ ಬೇಗಂಳ ಕೈಗೆ ಕೊಟ್ಟಳು.

"ಕಣಕ ಮೆತ್ತಿ, ಅರಿವಿ ಕಟ್ಟಿ ಒಯ್ಯಬೇಕೇನ್ರಿ ಈ ಸಲಾನೂ?" ಎಂದು ಮುನವ್ವರ ಬೇಗಂ ನಕ್ಕಳು.

"ಬ್ಯಾಡ್ರಿ. ತಳ ಮ್ಯಾಲ ಮಾಡಿ ಹಿಡ್ಕೊಂಡು ಹೋಗ್ರಿ" ಎಂದಳು ಕೌಸಲ್ಯಾಬಾಯಿ. "ಭಾಲ್ಕಿ ಮಂದಿನೂ ಓದಲಿ, ಔರಾದ ಮಂದಿನೂ ಓದಲಿ."