ಪಿಳ್ಳಮ್ಮ ನಮ್ಮ ಮನೆಯವಳಲ್ಲ

೧

ಈ ಕಥೆಯನ್ನು ಕೆರೆಯಿಂದ ಶುರುಮಾಡಬೇಕೋ ಏರ್‌ಪೋರ್ಟಿನಿಂದಲೋ ಎಂಬುದು ಎರಡು ತಿಂಗಳಿಂದ ಬಗೆಹರಿದಿಲ್ಲ. ಕೆರೆಯಿಂದ ಶುರುಮಾಡಿದರೆ ನಾನು ಒಳ್ಳೆಯವನಾಗಿ ಕಾಣುತ್ತೇನೆ. ಆದ್ದರಿಂದ ಏರ್‌ಪೋರ್ಟೇ ಸರಿ.

ನನ್ನ ಹೆಸರು ರವಿಚಂದ್ರ, ದೇವನಹಳ್ಳಿಯವನು. ಏರ್‌ಪೋರ್ಟಿನಲ್ಲಿ ಪ್ರಯಾಣಿಕರು ಮರೆತುಹೋದ ಬ್ಯಾಗುಗಳ ಕೌಂಟರಿನಲ್ಲಿ ಕೆಲಸ. ಯಾರೂ ಕೇಳಿಕೊಂಡು ಬರದ ಬ್ಯಾಗಿಗೂ ನಾವು ಮೂರು ತಿಂಗಳು ಕಾಯುತ್ತೇವೆ. (ಈ ವಾಕ್ಯ ಮುಂದೆ ನನಗೇ ತಿರುಗುಬಾಣವಾಗುತ್ತದೆ. ಗೊತ್ತಿದ್ದೇ ಬರೆದಿದ್ದೇನೆ.)

೨

ಮೊದಲ ಡ್ರಾಫ್ಟ್, ಈಗ ಬಿಸಾಡಿದ್ದು: ‘ಕುಂದಾಣದ ಕಡೆಯ ಕೆರೆಯೊಂದರ ಏರಿಯ ಮೇಲೆ ನಿಂತ ಪಿಳ್ಳಮ್ಮ ದಿಗಂತವನ್ನು ದಿಟ್ಟಿಸಿದಳು.’

ಡ್ರಾಫ್ಟಿನೊಳಗಿನ ಪಿಳ್ಳಮ್ಮನೇ ಒಪ್ಪಲಿಲ್ಲ. "ದಿಗಂತ ನೋಡ್ಕಂಡು ನಿಂತ್ರೆ ಗದ್ದೆಗೆ ನೀರು ಬಿಡೋರ್ಯಾರಪ್ಪ?" ಅಂದಳು.

ಸರಿ, ಗೊತ್ತಿರುವಷ್ಟನ್ನೇ ಹೇಳುತ್ತೇನೆ. ಪಿಳ್ಳಮ್ಮ ನೀರುಗಂಟಿ, ಅಂದರೆ ಕೆರೆಯ ನೀರನ್ನು ಸರದಿಯ ಪ್ರಕಾರ ಗದ್ದೆಗಳಿಗೆ ಬಿಡುವವಳು. ಅದು ಗಂಡಸರ ಕೆಲಸ. ನನ್ನ ತಾತ ಇನ್ನೂ ಹುಟ್ಟಿರದ ಕಾಲದಲ್ಲಿ, ಗಂಡ ತೀರಿಕೊಂಡ ಮೇಲೆ ಅವಳೇ ಮುಳುಗಿ ತೂಬು ತೆಗೆಯತೊಡಗಿದಳು. ತಳ ಮುಟ್ಟಿದ್ದಕ್ಕೆ ಸಾಕ್ಷಿಯಾಗಿ ಪ್ರತಿ ಸಲ ಮುಷ್ಟಿಯಲ್ಲಿ ಕೆಸರು ಹಿಡಿದೇ ಮೇಲೆ ಬರುತ್ತಿದ್ದಳಂತೆ. ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುವಳು. ಅದು ಮುಳುಗಿದರೆ ಒಬ್ಬರ ಸರದಿ ಮುಗಿದಂತೆ. ಒಮ್ಮೆ ಪಟೇಲರ ಗದ್ದೆ ಅರ್ಧ ನೆನೆಯುವಷ್ಟರಲ್ಲಿ ಬಟ್ಟಲು ಮುಳುಗಿತು. ಪಿಳ್ಳಮ್ಮ ಪಟೇಲರ ಮುಖವನ್ನೂ ನೋಡದೆ ಕಾಲುವೆಗೆ ಮಣ್ಣು ಎಳೆದು ನೀರು ತಿರುಗಿಸಿದಳು.

ಇಂಥವರು ನಮ್ಮ ವಂಶದಲ್ಲಿ ಯಾರೂ ಇಲ್ಲ. ನಮ್ಮವರು ಹುಟ್ಟಿದರು, ರಾಗಿ ಬೆಳೆದರು, ಹೋದರು. ನನಗೆ ಹೊಟ್ಟೆಕಿಚ್ಚಾಯಿತು ಅಂದರೂ ತಪ್ಪಿಲ್ಲ.

೩

ಇಷ್ಟೂ ಗೊತ್ತಾದದ್ದು ಹೆಳವರ ದೊಡ್ಡಬೀರಪ್ಪನವರಿಂದ. ವರ್ಷಕ್ಕೊಮ್ಮೆ ಮನೆ ಬಾಗಿಲಿಗೆ ಬಂದು, ಆ ಮನೆತನದ ಹಿರಿಯರ ಹೆಸರನ್ನೂ ಅವರ ಹೆಚ್ಚುಗಾರಿಕೆಯನ್ನೂ ಪುಸ್ತಕ ನೋಡಿ ಹಾಡಿ ಹೇಳುವುದು ಅವರ ಕುಲಕಸುಬು. ಅವರ ಅಪ್ಪ ಎತ್ತಿನ ಮೇಲೆ ಬರುತ್ತಿದ್ದರು. ಇವರದು ಮೊಪೆಡ್, ಎತ್ತಿನ ಗಂಟೆ ಹ್ಯಾಂಡಲಿಗೆ ಬಂದಿದೆ. ೨೦೧೧ರ ಸಂಕ್ರಾಂತಿ ಮುಗಿದ ವಾರ ನಮ್ಮ ಬಾಗಿಲಿಗೆ ಬಂದಾಗ, ಕೆರೆಯ ಹಳೆಯ ಕಡತದಲ್ಲಿ ‘ನೀರುಗಂಟಿ’ ಎಂದು ನನಗೆ ಸಿಕ್ಕಿದ್ದ ಪಿಳ್ಳಮ್ಮನ ಹೆಸರು ಹೇಳಿದೆ.

"ಅವರ ಬುಕ್ಕೂ ನನ್ನತ್ರಾನೇ ಐತೆ," ಅಂದರು. "ಆದ್ರೆ ಅವರ ಬಾಗಿಲಲ್ಲೇ ಹೇಳ್ಬೇಕು ಸ್ವಾಮಿ. ಆ ಮನೆ ಏರ್‌ಪೋರ್ಟ್ ರೋಡಿಗೆ ಹೋಯ್ತು, ಇದ್ದೋರು ಎತ್ಲಾಗೆ ಹೋದ್ರೋ ತಿಳೀದು. ಬಾಗಿಲೇ ಇಲ್ದೆ ಎಲ್ಲಿ ನಿಂತ್ಕಂಡು ಹೇಳ್ಲಿ?"

"ಬೇರೆ ದಾರಿ ಇಲ್ವಾ?"

"ವಂಶ ಪೂರ್ತಿ ಮುಗ್ದಿದ್ರೆ, ಇನ್ನೊಂದು ಮನೆಯೋರು ಮೊರದಾಗೆ ರಾಗಿ ಕೊಟ್ಟು ನಮ್ಮೋಳು ಅಂತ ಸೇರಿಸ್ಕಬೋದು. ಆಮೇಲೆ ಆ ಹೆಸ್ರು ಅವರ ಬಾಗಿಲಲ್ಲಿ ಮಾತ್ರ. ಸೇರಿಸ್ಕಂಡೋನೇ ಬಾಯ್ಬಿಟ್ಟು ತಪ್ಪಾಯ್ತು ಅಂದ್ರೇನೇ ವಾಪಸ್ಸು. ಯಾರೂ ಉಳಿದಿಲ್ಲ ಅಂತ ಖಾತ್ರಿನಾ?"

ನಾನು ನೋಡಿದ್ದು ಪಹಣಿ ಮಾತ್ರ. ಪಿಳ್ಳಮ್ಮನ ಮಗನಿಗೆ ಗಂಡುಮಕ್ಕಳಿರಲಿಲ್ಲ. ಮೊಮ್ಮಗಳೊಬ್ಬಳಿದ್ದಳು, ಮನೆ ಅಳಿಯನನ್ನು ತಂದುಕೊಂಡಿದ್ದರು ಎಂದು ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹೇಳಿದ್ದರು. ವಿಚಾರಿಸೋಣ ಎಂದುಕೊಂಡಿದ್ದೆ, ವಿಚಾರಿಸಿರಲಿಲ್ಲ.

"ಖಾತ್ರಿ," ಅಂದೆ.

ಅಮ್ಮ ಮೊರದಲ್ಲಿ ರಾಗಿ ತಂದಳು. ದೊಡ್ಡಬೀರಪ್ಪ ಪಿಳ್ಳಮ್ಮನ ಮನೆಯ ಪುಸ್ತಕದಲ್ಲಿ ಆ ಹೆಸರಿಗೆ ಗೆರೆ ಎಳೆದು, ನಮ್ಮದರಲ್ಲಿ ಬರೆದುಕೊಂಡು ಹಾಡಿದರು. ಸುಳ್ಳೇಕೆ ಹೇಳಲಿ, ಆ ದಿನ ಬಹಳ ಖುಷಿಯಾಗಿತ್ತು.

೫

(ನಾಲ್ಕರಲ್ಲಿ ನನ್ನನ್ನು ನಾನೇ ಸಮರ್ಥಿಸಿಕೊಂಡಿದ್ದೆ. ಹರಿದುಹಾಕಿದೆ.)

ಮರುವರ್ಷದ ಕೊನೆಗೆ ಪತ್ರಿಕೆಯೊಂದರ ಭಾನುವಾರದ ಪುರವಣಿಯಲ್ಲಿ ಪಿಳ್ಳಮ್ಮನ ಬಗ್ಗೆ ಬರೆದೆ, ಅವಳ ಹೆಸರನ್ನು ಈಗ ನಮ್ಮ ಬಾಗಿಲಲ್ಲಿ ಹಾಡುವುದನ್ನೂ ಸೇರಿಸಿ. ವಾರ ಕಳೆಯುವುದರೊಳಗೆ ಎಪ್ಪತ್ತೈದರ ಆಸುಪಾಸಿನ ಹೆಂಗಸೊಬ್ಬರು ಆ ಹಾಳೆ ಹಿಡಿದು ನಮ್ಮ ಮನೆಗೆ ಬಂದರು. ಮುನಿತಾಯಮ್ಮ, ಪಿಳ್ಳಮ್ಮನ ಮಗನ ಮಗಳು. ಮನೆ ಹೋದ ಮೇಲೆ ನಮ್ಮಿಂದ ಎರಡು ಬೀದಿ ಆಚೆ ಮಹಡಿಯಲ್ಲಿ ಬಾಡಿಗೆಗಿದ್ದರು. ಎರಡೇ ಬೀದಿ.

"ಯಾರೂ ಉಳಿದಿಲ್ಲ ಅಂತ ಬರ್ದಿದೀಯಂತೆ. ನಾನಿದೀನಲ್ಲಪ್ಪ," ಅಂದರು. ಜಗಳದ ದನಿಯಲ್ಲ. "ವರ್ಷ ವರ್ಷಾನೂ ಹೆಳವಂಗೆ ಕಾಯ್ತೀನಿ. ಮಹಡಿ ಮೇಲಿದೀನಿ ಅಂತ ಅವನಿಗೆಂಗೆ ಗೊತ್ತಾಗ್ಬೇಕು? ಒಂದು ಕಿತ ನಮ್ಮ ಬಾಗಿಲಾಗೆ ನಮ್ಮಜ್ಜಿ ಹೆಸ್ರು ಹೇಳ್ಸಪ್ಪ. ಕಿವಿ ಕೇಳ್ಸೋ ಹೊತ್ನಾಗೇ ಕೇಳ್ಬೇಕು."

(ಇಲ್ಲಿ ಅವರ ಕಣ್ಣಲ್ಲಿ ನೀರು ತರಿಸಲು ನೋಡಿದೆ. ಅವರು ಕಾಫಿಗೆ ಸಕ್ಕರೆ ಸಾಲದು ಅಂದರು, ಅಷ್ಟೇ.)

ಅವರು ಹೋದ ಮೇಲೆ ಅಮ್ಮ ನನ್ನ ಮುಖ ನೋಡಲಿಲ್ಲ. "ಹಿರಿಯರ ಹಬ್ಬಕ್ಕೆ ಎರಡು ವರ್ಷ ಅವ್ಳಿಗೂ ಎಡೆ ಇಕ್ಕಿದೀನಲ್ಲೋ, ಬೇರೆಯೋರ ಮನೆ ಹಿರೀಕಳಿಗೆ. ಹೆಳವಂಗೆ ನಿಜ ಹೇಳು. ನಿನ್ನ ಬಾಯಲ್ಲೇ ಹೇಳು."

೬

ಈಗ ಕೊನೆಗಳು.

ಮೊದಲನೆಯದರಲ್ಲಿ ನಾನು ತಪ್ಪು ಒಪ್ಪಿಕೊಳ್ಳುತ್ತೇನೆ, ಮುನಿತಾಯಮ್ಮನ ಬಾಗಿಲಲ್ಲಿ ಪಿಳ್ಳಮ್ಮನ ಹೆಸರು ಮೊಳಗುತ್ತದೆ. ಚೆನ್ನಾಗಿದೆ, ಆದರೆ ನಡೆದಿಲ್ಲ.

ಎರಡನೆಯದರಲ್ಲಿ ಹೆಳವರು ಬರುವ ಮುಂಚೆ ಮುನಿತಾಯಮ್ಮ ತೀರಿಕೊಳ್ಳುತ್ತಾರೆ. ಇದನ್ನು ಬರೆದ ದಿನವೇ ಅವರು ಸಂತೆಯಲ್ಲಿ ಅವರೆಕಾಯಿ ಚೌಕಾಸಿ ಮಾಡುತ್ತಾ ಸಿಕ್ಕಿದರು. ನಾಚಿಕೆಯಾಗಿ ಹರಿದುಹಾಕಿದೆ.

ಮೂರನೆಯದು ನಿನ್ನೆ ನಡೆದದ್ದು. ನಾನು ದೊಡ್ಡಬೀರಪ್ಪನವರಿಗೆ ಫೋನಿನಲ್ಲಿ ಹೇಳಿದ್ದು ವಿಳಾಸವನ್ನು ಮಾತ್ರ. ಮುನಿತಾಯಮ್ಮ ಮೊರದ ತುಂಬ ರಾಗಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನಾನು ಮೆಟ್ಟಿಲ ಮೇಲೆ. ಮೂಲಪುರುಷನಿಂದ ಶುರುವಾದ ಹಾಡು ಪಿಳ್ಳಮ್ಮನ ಗಂಡನ ತನಕ ಬಂತು. ದೊಡ್ಡಬೀರಪ್ಪ ಗೆರೆ ಎಳೆದ ಸಾಲಿನ ಮೇಲೆ ಬೆರಳಿಟ್ಟು, ತಲೆಯೆತ್ತಿ ನನ್ನನ್ನು ನೋಡಿದರು. ಅವರಿಗೆ ಆಗಲೇ ಎಲ್ಲ ಅರ್ಥವಾಗಿತ್ತು. ಅವರು ಕಾದರು. ನಾನು ಮೆಟ್ಟಿಲ ಮೇಲಿದ್ದ ಚಪ್ಪಲಿಗಳನ್ನು ನೋಡುತ್ತಾ ನಿಂತೆ. ಹಾಡು ಆ ಸಾಲನ್ನು ದಾಟಿ ಮಗನ ಹೆಸರಿಗೆ ಹೋಯಿತು.

"ಅಷ್ಟೇನಾ?" ಅಂದರು ಮುನಿತಾಯಮ್ಮ.

"ಅಷ್ಟೇ ತಾಯಿ."

ಅವರು ಒಂದು ಕಾಳೂ ಉಳಿಸದೆ ರಾಗಿಯನ್ನು ಜೋಳಿಗೆಗೆ ಸುರಿದರು. ಆಮೇಲೆ ನನ್ನ ಕಡೆ ತಿರುಗಿ, "ನಾಳೆ ನಿಮ್ಮನೇಲಿ ಹೇಳ್ತಾನಲ್ಲ, ಬಂದು ಆಚೆ ನಿಂತ್ಕಂಡು ಕೇಳ್ತೀನಿ. ಪರವಾಗಿಲ್ವಾ?" ಅಂದರು.

೭

ಬೀದಿಯಲ್ಲಿ ಮೊಪೆಡ್ಡಿನ ಗಂಟೆ ಕೇಳುತ್ತಿದೆ. ಅಮ್ಮ ಮೊರ ತೆಗೆದಿದ್ದಾಳೆ. ಪಿಳ್ಳಮ್ಮನ ಹೆಸರು ಬಂದಾಗ ದೊಡ್ಡಬೀರಪ್ಪ ಮತ್ತೆ ನನ್ನನ್ನು ನೋಡುತ್ತಾರೆ, ಅದು ಗೊತ್ತು.

ನಾನು ಬಾಯಿಬಿಟ್ಟೆ ಎಂದು ಇಲ್ಲಿ ಬರೆಯಬಹುದು. ಬರೆದರೆ ನೀವು ನಂಬುತ್ತೀರಿ, ನಾನೂ ನಂಬಿಬಿಡುತ್ತೇನೆ, ಆಮೇಲೆ ಹೇಳುವ ಅಗತ್ಯವೇ ಬೀಳುವುದಿಲ್ಲ. ಆದ್ದರಿಂದ ಬರೆಯುವುದಿಲ್ಲ. ಗೇಟಿನ ಆಚೆ ಮುನಿತಾಯಮ್ಮ ಆಗಲೇ ಬಂದು ನಿಂತಿದ್ದಾರೆ. ಒಳಗೆ ಬನ್ನಿ ಎಂದರೆ, ಇಲ್ಲೇ ಕೇಳಿಸುತ್ತೆ ಬಿಡಪ್ಪ ಅನ್ನುತ್ತಿದ್ದಾರೆ.